ಕ್ಲಾಸಿಕ್ ಆಲ್ಬಂ ಕೇಳಿ ಅಂಕ ಕೊಡುವುದು: ಪಟ್ಟಿಯಿಂದ ಹಿಡಿದು ಕೊನೆಯ ಸಂಖ್ಯೆಯವರೆಗೆ

ಹೆಸರಾಂತ ಆಲ್ಬಂ ಒಂದನ್ನು ಅರೆಗಿವಿಯಲ್ಲಿ ಒಂದು ಸಲ ಕೇಳಿ, ಮುಗಿದ ಕೂಡಲೇ ಹತ್ತಕ್ಕೆ ಏಳು ಎಂದು ಬರೆದಿಟ್ಟರೆ ಆ ಏಳು ಯಾವುದರ ಲೆಕ್ಕ? ಅಂದಿನ ಮನಸ್ಥಿತಿ, ಅಂದಿನ ವಾಲ್ಯೂಮ್, ಮೊದಲೇ ಕಿವಿಗೆ ಬಿದ್ದಿದ್ದ ಹೊಗಳಿಕೆ, ಇವಿಷ್ಟರ ಮೊತ್ತ ಅದು. ಆಲ್ಬಂ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅಂಕ ಕೊಡುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ಸರಿಯಾದ ಆವೃತ್ತಿ ಸಿಗಬೇಕು, ಆ ಸಂಗೀತ ಪ್ರಕಾರವನ್ನು ಹೇಗೆ ಕೇಳಬೇಕೆಂಬುದು ತಿಳಿಯಬೇಕು, ಕೇಳಿದ್ದನ್ನು ಮಾತಿನಲ್ಲಿ ಬರೆದಿರಬೇಕು. ಈ ಮೂರೂ ಆದಮೇಲೆ ಸಂಖ್ಯೆ ಹೆಚ್ಚು ಕಷ್ಟವಿಲ್ಲದೆ ಬರುತ್ತದೆ.

ಮೊದಲು ಪಟ್ಟಿ

ಎಂಟು ಪ್ರಕಾರ, ಪ್ರಕಾರಕ್ಕೆ ಮೂರು ಆಲ್ಬಂ, ಒಟ್ಟು 24. ಶುರುವಿಗೆ ಇಷ್ಟು ಸಾಕು. ಸಾವಿರದ ಪಟ್ಟಿ ಹಿಡಿದು ಹೊರಟವರು ಮೂರನೇ ವಾರಕ್ಕೆ ಕೇಳುವುದನ್ನು ಬಿಟ್ಟು ಪಟ್ಟಿ ಖಾಲಿ ಮಾಡುವ ಧಾವಂತಕ್ಕೆ ಬೀಳುತ್ತಾರೆ. ಒಂದು ಆಲ್ಬಂ ಸುಮಾರು 40 ನಿಮಿಷ, ಮೂರು ಸಲ ಕೇಳಿದರೆ 2 ಗಂಟೆ. ವಾರಕ್ಕೆ ಎರಡು ಆಲ್ಬಂ ಎಂದರೆ 4 ಗಂಟೆ. 24 ಆಲ್ಬಂಗೆ 12 ವಾರ. ಈ ಲೆಕ್ಕವನ್ನು ಮೊದಲೇ ಒಪ್ಪಿಕೊಂಡರೆ ಅವಸರ ಇರುವುದಿಲ್ಲ.

ಒಂದು ಪ್ರಕಾರದ ಮೂರನ್ನೂ ಒಟ್ಟಿಗೆ ಕೇಳಿ. ಇವತ್ತು ಜಾಝ್, ನಾಳೆ ಮೆಟಲ್, ನಾಡಿದ್ದು ರೆಗೆ ಎಂದು ಹಾರಾಡಿದರೆ ಪ್ರತಿ ಸಲವೂ ಕಿವಿ ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ. ಆಗ ಮೊದಲ ಆಲ್ಬಂ ಪ್ರಕಾರದ ಅಪರಿಚಿತತೆಗೇ ಅಂಕ ಕಳೆದುಕೊಳ್ಳುತ್ತದೆ. ಮೂರೂ ಮುಗಿಯುವ ತನಕ ಒಂದಕ್ಕೂ ಅಂಕ ಹಾಕಬೇಡಿ.

ಯಾವ ಮೂರು ಎಂದು ಆರಿಸಲು ಪ್ರಸಿದ್ಧ ಪಟ್ಟಿಗಳ ನೆರವು ಪಡೆಯಬಹುದು. ಆದರೆ ಅವು ಮತ ಎಣಿಕೆ ಎಂಬುದು ನೆನಪಿರಲಿ. ರೋಲಿಂಗ್ ಸ್ಟೋನ್ ಪತ್ರಿಕೆಯ 500 ಆಲ್ಬಂಗಳ ಪಟ್ಟಿಯಲ್ಲಿ 2003ರಲ್ಲಿ ಮೊದಲ ಸ್ಥಾನ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್’ಗೆ ಸಿಕ್ಕಿತ್ತು. 2020ರಲ್ಲಿ ಹೊಸದಾಗಿ ಮತ ಹಾಕಿಸಿದಾಗ ಅದೇ ಸ್ಥಾನ ಅಮೆರಿಕದ ಗಾಯಕ ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ಗೆ ಹೋಯಿತು. ನಡುವೆ ಎರಡೂ ಆಲ್ಬಂನಲ್ಲಿ ಒಂದು ಸ್ವರವೂ ಬದಲಾಗಿಲ್ಲ, ಮತ ಹಾಕಿದವರು ಬದಲಾದರು. ಪಟ್ಟಿಯಿಂದ ಹೆಸರು ತೆಗೆದುಕೊಳ್ಳಿ, ಸ್ಥಾನವನ್ನು ಅಲ್ಲೇ ಬಿಡಿ.

ಸರಿಯಾದ ಆವೃತ್ತಿ ಹುಡುಕುವುದು

ಹೆಚ್ಚಿನವರು ಎಡವುವುದು ಇಲ್ಲೇ, ಎಡವಿದ್ದು ಗೊತ್ತಾಗುವುದೂ ಇಲ್ಲ. ಒಂದೇ ಹೆಸರಿನ ಆಲ್ಬಂ ಐದಾರು ರೂಪದಲ್ಲಿ ಸಿಗುತ್ತದೆ. ಕೇಳುವ ಮುಂಚೆ ಮೂರು ಸಂಗತಿ ಪತ್ತೆ ಮಾಡಿ ಬರೆದುಕೊಳ್ಳಿ: ಮೊದಲು ಬಿಡುಗಡೆಯಾದಾಗ ಅದರಲ್ಲಿ ಎಷ್ಟು ಹಾಡಿದ್ದವು, ಒಟ್ಟು ಎಷ್ಟು ನಿಮಿಷ, ಗ್ರಾಮಫೋನ್ ತಟ್ಟೆಯ ಮೊದಲ ಪಕ್ಕ ಯಾವ ಹಾಡಿಗೆ ಮುಗಿಯುತ್ತಿತ್ತು.

ಹಾಡಿನ ಸಂಖ್ಯೆ ಯಾಕೆ? ‘ಡೀಲಕ್ಸ್’ ಆವೃತ್ತಿಗಳು ಕೊನೆಯಲ್ಲಿ ಹೆಚ್ಚುವರಿ ಹಾಡು ಸೇರಿಸುತ್ತವೆ. ಬೀಚ್ ಬಾಯ್ಸ್‌ನ ‘ಪೆಟ್ ಸೌಂಡ್ಸ್’ (1966) 13ನೇ ಹಾಡಿಗೆ ಮುಗಿಯುತ್ತದೆ. ಹಾಡು ನಿಂತಮೇಲೆ ರೈಲೊಂದು ಹಾದುಹೋಗುವ ಸದ್ದು, ನಾಯಿಗಳ ಬೊಗಳಾಟ, ಆಮೇಲೆ ಮೌನ. ಇಡೀ ಆಲ್ಬಂನ ಒಂಟಿತನ ಆ ಮೌನದಲ್ಲಿ ಬಂದು ಕೂರುತ್ತದೆ. ಅದರ ಬೆನ್ನಿಗೇ ಹೆಚ್ಚುವರಿ ಟ್ರ್ಯಾಕ್ ಹೊಡೆದುಕೊಂಡು ಬಂದರೆ ಕೇಳುಗನಿಗೆ ಮುಕ್ತಾಯವೇ ಸಿಗಲಿಲ್ಲ ಎಂದರ್ಥ. ಮೂಲದ ಕೊನೆಯ ಹಾಡಿಗೆ ನಿಲ್ಲಿಸಿಬಿಡಿ.

ದೇಶಕ್ಕೊಂದು ಆವೃತ್ತಿ ಇರುತ್ತಿದ್ದ ಕಾಲವೂ ಇತ್ತು. ಬೀಟಲ್ಸ್‌ನ ‘ರಿವಾಲ್ವರ್’ (1966) ಬ್ರಿಟನ್ನಿನಲ್ಲಿ 14 ಹಾಡು, ಅಮೆರಿಕದಲ್ಲಿ 11. ತೆಗೆದು ಹಾಕಿದ ಮೂರೂ ತಂಡದ ಜಾನ್ ಲೆನನ್ ಹಾಡಿದವು. 11ರ ಆವೃತ್ತಿ ಕೇಳಿದವರಿಗೆ ಲೆನನ್ ಆ ಆಲ್ಬಂನಲ್ಲಿ ಸಣ್ಣ ಪಾತ್ರಧಾರಿಯಂತೆ ಕಂಡರೆ ತಪ್ಪು ಅವರದಲ್ಲ. ಬೀಟಲ್ಸ್ ವಿಷಯದಲ್ಲಿ ಬ್ರಿಟಿಷ್ ಆವೃತ್ತಿಯನ್ನೇ ಹಿಡಿಯಿರಿ.

ಮೋನೋ (ಎರಡೂ ಕಿವಿಗೆ ಒಂದೇ ಧ್ವನಿ), ಸ್ಟೀರಿಯೋ (ಎಡಕ್ಕೂ ಬಲಕ್ಕೂ ಬೇರೆ ಬೇರೆ ಧ್ವನಿ) ವಿಚಾರ ಅರವತ್ತರ ದಶಕದ ಆಲ್ಬಂಗಳಿಗೆ ಮಾತ್ರ ಮುಖ್ಯ, ಅಲ್ಲಿ ಬಹಳ ಮುಖ್ಯ. ‘ಪೆಟ್ ಸೌಂಡ್ಸ್’ ಬಂದದ್ದು ಮೋನೋದಲ್ಲಿ. ಅದನ್ನು ಕಟ್ಟಿದ ಬ್ರಯಾನ್ ವಿಲ್ಸನ್‌ಗೆ ಬಲಗಿವಿ ಹೆಚ್ಚುಕಡಿಮೆ ಕೇಳಿಸುತ್ತಲೇ ಇರಲಿಲ್ಲ. ನಿಜವಾದ ಸ್ಟೀರಿಯೋ ಮಿಕ್ಸ್, ಅಂದರೆ ದನಿ, ವಾದ್ಯಗಳನ್ನು ಬೆರೆಸಿ ಹೊಂದಿಸಿದ ರೂಪ, ಹೊರಬಂದದ್ದು 1997ರಲ್ಲಿ. ‘ಸಾರ್ಜೆಂಟ್ ಪೆಪ್ಪರ್ಸ್’ನ ಮೋನೋ ಮಿಕ್ಸ್‌ಗೆ ಬೀಟಲ್ಸ್ ತಾವೇ ಕೂತು ಸಮಯ ಕೊಟ್ಟಿದ್ದರು. ‘ಶೀಸ್ ಲೀವಿಂಗ್ ಹೋಮ್’ ಮೋನೋದಲ್ಲಿ ತುಸು ಚುರುಕು, ಶ್ರುತಿಯೂ ಮೇಲೆ, ಸ್ಟೀರಿಯೋದಲ್ಲಿ ನಿಧಾನ. ಅದೇ ಹಾಡು, ಬೇರೆ ಭಾವ. ಯಾವುದನ್ನು ಕೇಳಿದಿರಿ ಎಂದು ಬರೆಯದಿದ್ದರೆ ನಿಮ್ಮ ಅಂಕ ಯಾವುದಕ್ಕೆ ಕೊಟ್ಟದ್ದು ಎಂಬುದೇ ಉಳಿಯುವುದಿಲ್ಲ.

ಕೆಲವು ಸಲ ಹಳೆಯ ಪ್ರತಿಯಲ್ಲೇ ದೋಷವಿರುತ್ತದೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ (1959) ಧ್ವನಿಮುದ್ರಣದ ಮೊದಲ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಆದ್ದರಿಂದ ಸರಿಯಾದ ವೇಗದಲ್ಲಿ ಹಾಕಿದಾಗ ಮೊದಲ ಪಕ್ಕದ ಮೂರೂ ರಚನೆಗಳು ಶ್ರುತಿಗಿಂತ ತುಸು ಮೇಲೆ ಕೇಳುತ್ತಿದ್ದವು. 1992ರ ಮರುಬಿಡುಗಡೆಯಲ್ಲಿ ಇದನ್ನು ಸರಿಪಡಿಸಿದರು. ಇಲ್ಲಿ ಹೊಸ ಪ್ರತಿಯೇ ವಾಸಿ.

ಇನ್ನೊಂದು ಬಲೆ ಮರುಧ್ವನಿಮುದ್ರಣ. ಹಳೆಯ ಗಾಯಕರು ಎಷ್ಟೋ ವರ್ಷದ ನಂತರ ತಮ್ಮದೇ ಹಾಡುಗಳನ್ನು ಮತ್ತೆ ಹಾಡಿ ಬಿಟ್ಟಿರುತ್ತಾರೆ, ಹುಡುಕಾಟದಲ್ಲಿ ಅದೇ ಮೊದಲು ಬರಬಹುದು. ಪ್ರತಿ ಹಾಡಿನ ಅವಧಿಯನ್ನು ಮೂಲದ ಜೊತೆ ಹೋಲಿಸಿ. ಎಲ್ಲ ಹಾಡಿನಲ್ಲೂ ಹತ್ತಿಪ್ಪತ್ತು ಸೆಕೆಂಡು ವ್ಯತ್ಯಾಸ ಕಂಡರೆ ಅದು ಮೂಲವಲ್ಲ.

ಕೇಳುವ ವ್ಯವಸ್ಥೆ

ದುಬಾರಿ ಉಪಕರಣ ಬೇಡ, ಸೆಟ್ಟಿಂಗ್ ಸರಿಯಿರಲಿ. ಹಾಡಿನ ಕ್ರಮ ಕಲಸುವ ಶಫಲ್ ಬಂದ್. ಒಂದು ಹಾಡನ್ನು ಕರಗಿಸಿ ಮುಂದಿನದಕ್ಕೆ ಬೆರೆಸುವ ಕ್ರಾಸ್‌ಫೇಡ್ ಬಂದ್. ಹಾಡುಗಳ ನಡುವೆ ಬಿರುಕು ಬಿಡದ ಗ್ಯಾಪ್‌ಲೆಸ್ ಆಯ್ಕೆ ಆನ್. ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಎದೆಬಡಿತದಿಂದ ಶುರುವಾಗಿ ಎದೆಬಡಿತಕ್ಕೇ ಮುಗಿಯುತ್ತದೆ, ನಡುವಿನ ಹಾಡುಗಳು ಒಂದರೊಳಗೊಂದು ಹರಿಯುತ್ತವೆ. ಪ್ರತಿ ಜೋಡಣೆಯಲ್ಲೂ ಅರ್ಧ ಸೆಕೆಂಡು ಕತ್ತರಿಸಿದಂತಾದರೆ ಆಲ್ಬಂನ ಬೆನ್ನೆಲುಬೇ ಮುರಿಯಿತು.

ಹಾಗಿದ್ದೂ ಒಂದು ಕಡೆ ಮಾತ್ರ ಬೇಕೆಂದೇ ನಿಲ್ಲಿಸಿ, ಪಕ್ಕ ಬದಲಾಗುವಲ್ಲಿ. 1948ರಲ್ಲಿ ಬಂದ ಎಲ್‌ಪಿ ಎಂಬ ದೀರ್ಘಾವಧಿಯ ಗ್ರಾಮಫೋನ್ ತಟ್ಟೆಯ ಒಂದು ಪಕ್ಕಕ್ಕೆ ಸುಮಾರು 22 ನಿಮಿಷ. ಆಲ್ಬಂ ಕಟ್ಟುವವರು ಆ ವಿರಾಮವನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಹಾಡು ಜೋಡಿಸುತ್ತಿದ್ದರು. ‘ಡಾರ್ಕ್ ಸೈಡ್’ನ ಮೊದಲ ಪಕ್ಕ ಮಾತಿಲ್ಲದ ಹೆಣ್ಣುದನಿಯ ಆಕ್ರಂದನದಲ್ಲಿ ಇಳಿದು ನಿಲ್ಲುತ್ತದೆ; ಎರಡನೇ ಪಕ್ಕ ನಾಣ್ಯ, ಗಲ್ಲಾಪೆಟ್ಟಿಗೆಗಳ ಸದ್ದಿನಿಂದ ಏಳುತ್ತದೆ. ನಡುವೆ 30 ಸೆಕೆಂಡು ಬಿಟ್ಟು ನೋಡಿ, ಆ ಗಲ್ಲಾಪೆಟ್ಟಿಗೆ ಬಡಿದೆಬ್ಬಿಸುತ್ತದೆ. ಬಿಡದಿದ್ದರೆ ಅದು ಮತ್ತೊಂದು ಸದ್ದು ಅಷ್ಟೇ.

ವಾಲ್ಯೂಮ್ ವಿಷಯಕ್ಕೆ ಬಂದರೆ, ಒಂದೇ ಧ್ವನಿಮುದ್ರಣವನ್ನು ತುಸುವೇ ಜೋರಾಗಿ ಕೇಳಿಸಿದರೂ ಕಿವಿ ಅದನ್ನೇ ಚೆನ್ನಾಗಿದೆ ಎನ್ನುತ್ತದೆ. ಜೋರು ಎಂದು ಅರಿವಾಗದಷ್ಟು ಸಣ್ಣ ವ್ಯತ್ಯಾಸವೂ ಸಾಕು. ತೀರಾ ಮೆಲ್ಲಗಿಟ್ಟರೆ ಮಂದ್ರದ ಬೇಸ್ ಸ್ವರಗಳು ಮೊದಲು ಮಾಯವಾಗುತ್ತವೆ, ಕಿವಿಯ ರಚನೆಯೇ ಹಾಗೆ. ಹೊಸ ಮಾಸ್ಟರಿಂಗ್‌ಗಳು (ಬಿಡುಗಡೆಗೆಂದು ಧ್ವನಿಯನ್ನು ಅಂತಿಮವಾಗಿ ಹದಗೊಳಿಸಿದ ಪ್ರತಿಗಳು) ಹಳೆಯವಕ್ಕಿಂತ ಜೋರಿರುವುದು ಸಾಮಾನ್ಯವಾದ್ದರಿಂದ 1959ರ ಜಾಝ್ ಮತ್ತು 1990ರ ದಶಕದ ರಾಕ್ ಒಂದೇ ಗುಂಡಿಯ ಮಟ್ಟದಲ್ಲಿ ಸಮನಾಗಿ ಕೇಳುವುದಿಲ್ಲ. ಜೋರು ಮಟ್ಟವನ್ನು ತಾನೇ ಸಮಗೊಳಿಸುವ ನಾರ್ಮಲೈಸೇಶನ್ ಆಯ್ಕೆ ಹಾಕಿಡಿ. ಅದರಲ್ಲೂ ಆಲ್ಬಂ ಮಟ್ಟದಲ್ಲಿ ಸಮಗೊಳಿಸುವುದನ್ನು ಆರಿಸಿ. ಹಾಡಿನ ಮಟ್ಟದಲ್ಲಿ ಸಮಗೊಳಿಸಿದರೆ ಮೆಲ್ಲಗಿರಬೇಕಾದ ಹಾಡೂ ಪಕ್ಕದ ಅಬ್ಬರದ ಹಾಡಿನಷ್ಟೇ ಜೋರಾಗುತ್ತದೆ. ಕಿವಿಯ ಆರೋಗ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90 ಡೆಸಿಬೆಲ್ ಆದರೆ 4 ಗಂಟೆಗೆ ಇಳಿಯುತ್ತದೆ, ಅಂದರೆ ನಮ್ಮ ವಾರದ ಕೋಟಾ ಅಲ್ಲಿಗೇ ಮುಗಿಯಿತು.

ಸ್ಪೀಕರ್ ಆದರೆ ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗುವಂತೆ ಕೂತುಕೊಳ್ಳಿ. ಹೆಡ್‌ಫೋನ್ ಆದರೆ ಅರವತ್ತರ ದಶಕದ ಸ್ಟೀರಿಯೋ ಕಿರಿಕಿರಿ ಮಾಡಬಹುದು, ದನಿಯೆಲ್ಲ ಒಂದು ಕಿವಿಗೆ, ವಾದ್ಯವೆಲ್ಲ ಇನ್ನೊಂದಕ್ಕೆ. ಅಂಥದ್ದನ್ನು ಸ್ಪೀಕರಿನಲ್ಲಿ ಕೇಳಿ, ಅಥವಾ ಮೋನೋ ಪ್ರತಿ ಹುಡುಕಿ.

ಮೂರು ಸಲ, ಮೂರು ಬಗೆ

ಮೊದಲ ಸಲ ಪೆನ್ನು ಮುಟ್ಟಬೇಡಿ. ಸಾಹಿತ್ಯ, ಹಿನ್ನೆಲೆ, ವಿಮರ್ಶೆ ಯಾವುದನ್ನೂ ಓದದೆ ಕೂತು ಪೂರ್ತಿ ಕೇಳಿ. ಮುಗಿದ ಹತ್ತು ನಿಮಿಷದ ನಂತರ, ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಎರಡು ಸಾಲು ಬರೆಯಿರಿ. ಏನೂ ಉಳಿಯಲಿಲ್ಲವೇ? ಅದನ್ನೇ ಬರೆಯಿರಿ.

ಎರಡನೇ ಸಲ ಮರುದಿನ. ಈಗ ಪೆನ್ನು ಹಿಡಿದು ಹಾಡಿಗೊಂದು ಸಾಲು. ‘ಚೆನ್ನಾಗಿದೆ’, ‘ಬೋರು’ ಎಂಬ ಪದಗಳಿಗೆ ಪ್ರವೇಶವಿಲ್ಲ. ಕಿವಿಗೆ ಬಿದ್ದದ್ದನ್ನು ಬರೆಯಿರಿ: ‘ಡ್ರಮ್ ತಡವಾಗಿ ಸೇರುತ್ತದೆ, ಆಗ ಹಾಡು ತೆರೆದುಕೊಳ್ಳುತ್ತದೆ’, ‘ಮೂರನೇ ಚರಣದಲ್ಲಿ ದನಿ ಒಡೆಯುತ್ತದೆ’, ‘ಬೇಸ್ ಅವೇ ನಾಲ್ಕು ಸ್ವರ, ಆದರೂ ಸಾಕೆನಿಸುವುದಿಲ್ಲ’. ಇಂಥ ಸಾಲು ಬರೆಯಲಾಗದ ಹಾಡನ್ನು ನೀವಿನ್ನೂ ಕೇಳಿಲ್ಲ. ಈ ಸಲ ಮುಗಿದಮೇಲೆ ಸಾಹಿತ್ಯ, ಹಿನ್ನೆಲೆ ಓದಬಹುದು.

ಮೂರನೆಯದಕ್ಕೆ ನಾಲ್ಕೈದು ದಿನ ಅಂತರ ಕೊಡಿ. ಈ ಸಲ ನೋಡಬೇಕಾದ್ದು ಒಂದೇ, ಎರಡನೇ ಸಲ ಬರೆದ ಸಾಲುಗಳು ಈಗಲೂ ನಿಜವೇ? ಮೊದಲು ಸೆಳೆದದ್ದು ಸವಕಲಾಗಿರಬಹುದು, ಗಮನಕ್ಕೇ ಬಾರದ ಹಾಡು ಎದ್ದು ನಿಂತಿರಬಹುದು. ಒಂದೇ ದಿನ ಮೂರು ಸಲ ಕೇಳಿದರೆ ಇದು ತಿಳಿಯುವುದಿಲ್ಲ, ಕಿವಿ ದಣಿದಿರುತ್ತದೆ.

ಪ್ರಕಾರಕ್ಕೆ ತಕ್ಕ ಕಿವಿ

ಎಲ್ಲವನ್ನೂ ‘ರಾಗ ಇಂಪಾಗಿದೆಯೇ’ ಎಂಬ ಒಂದೇ ಅಳತೆಗೋಲಿನಲ್ಲಿ ಅಳೆದರೆ ಅರ್ಧ ಪ್ರಕಾರಗಳು ಬಾಗಿಲಲ್ಲೇ ನಪಾಸು.

ಜಾಝ್ ಅತ್ಯಂತ ಹೆಚ್ಚು ಜನ ದಾರಿ ತಪ್ಪುವ ಜಾಗವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ‘ಕೈಂಡ್ ಆಫ್ ಬ್ಲೂ’ ಆಲ್ಬಂನ ಮೊದಲ ರಚನೆ ‘ಸೋ ವಾಟ್’ ಹಾಕಿ. ಪಿಯಾನೋ, ಬೇಸ್ ಎರಡೂ ತಾಳವಿಲ್ಲದೆ ಕೊಂಚ ಹೊತ್ತು ಅಲೆಯುತ್ತವೆ. ಆಮೇಲೆ ಪಾಲ್ ಚೇಂಬರ್ಸ್ ಬೇಸ್‌ನಲ್ಲಿ ಪ್ರಶ್ನೆಯಂಥ ಒಂದು ಸಾಲು ನುಡಿಸುತ್ತಾನೆ, ಪಿಯಾನೋ ಎರಡು ಪೆಟ್ಟಿನಲ್ಲಿ ಉತ್ತರಿಸುತ್ತದೆ. ಮುಂದೆ ಆ ಉತ್ತರವನ್ನು ಊದುವ ವಾದ್ಯಗಳು ಎತ್ತಿಕೊಳ್ಳುತ್ತವೆ. ಈಗ ನಾಲ್ಕೆಣಿಕೆಯ ಆವರ್ತಗಳನ್ನು ಬೆರಳಲ್ಲಿ ಎಣಿಸಿ. ಎಂಟು ಆವರ್ತ, ಮತ್ತೆ ಅದೇ ಎಂಟು, ಆಮೇಲೆ ಎಲ್ಲವೂ ಅರ್ಧ ಸ್ವರ ಮೇಲೆ ಜರುಗಿ ಎಂಟು, ಕೊನೆಗೆ ಕೆಳಗಿಳಿದು ಎಂಟು. ಒಟ್ಟು 32. ಡೇವಿಸ್, ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆ್ಯಡರ್ಲಿ, ಪಿಯಾನೋದ ಬಿಲ್ ಇವಾನ್ಸ್ ನಾಲ್ವರೂ ಸರದಿಯಲ್ಲಿ ಇದೇ 32ರ ಚೌಕಟ್ಟಿನೊಳಗೆ ನುಡಿಸುತ್ತಾರೆ. ಆ ಅರ್ಧ ಸ್ವರದ ಜರುಗುವಿಕೆ ಬಂದಾಗ ಯಾರು ಏನು ಮಾಡಿದರು ಎಂಬುದನ್ನಷ್ಟೇ ಗಮನಿಸಿ. ಡೇವಿಸ್ ಜಾಗ ಬಿಟ್ಟು ನುಡಿಸುತ್ತಾನೆ, ಕೋಲ್ಟ್ರೇನ್ ಜಾಗ ತುಂಬುತ್ತಾನೆ. ಈ ವ್ಯತ್ಯಾಸ ಒಮ್ಮೆ ಕಿವಿಗೆ ಹತ್ತಿತೆಂದರೆ ‘ಎಲ್ಲ ಒಂದೇ ಥರ ಕೇಳುತ್ತದೆ’ ಎಂಬ ದೂರು ಅಲ್ಲಿಗೆ ನಿಂತಿತು.

ಅದಾದ ಮೇಲೆ ಕೋಲ್ಟ್ರೇನ್‌ನ ‘ಎ ಲವ್ ಸುಪ್ರೀಮ್’ (1965) ಹಿಡಿಯಬಹುದು. ಮೊದಲ ಭಾಗ ನಿಂತಿರುವುದು ನಾಲ್ಕೇ ಸ್ವರದ ಒಂದು ಎಳೆಯ ಮೇಲೆ, ಕೊನೆಯ ಹತ್ತಿರ ಆತ ಅದನ್ನು ಹನ್ನೆರಡೂ ಶ್ರುತಿಗಳಲ್ಲಿ ತಿರುಗಿಸಿ ತೋರಿಸುತ್ತಾನೆ. ನಾಲ್ಕನೇ ಭಾಗದಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿರುವುದು ಆಲ್ಬಂ ಹೊದಿಕೆಯಲ್ಲಿ ಆತನೇ ಬರೆದ ಪ್ರಾರ್ಥನೆಯ ಉಚ್ಚಾರವನ್ನು, ಅಕ್ಷರ ಅಕ್ಷರವಾಗಿ. ಮೂರನೇ ಸಲ ಕೇಳುವಾಗ ಆ ಪದ್ಯ ಎದುರಿಗಿಟ್ಟುಕೊಂಡು ಅನುಸರಿಸಿ. ಆ ಏಳು ನಿಮಿಷ ಮತ್ತೆ ಮೊದಲಿನಂತೆ ಕೇಳಿಸುವುದಿಲ್ಲ.

ಪಾಶ್ಚಾತ್ಯ ಶಾಸ್ತ್ರೀಯದಲ್ಲಿ ರಚನೆಗೂ ಪ್ರಸ್ತುತಿಗೂ ಬೇರೆ ಬೇರೆ ಟಿಪ್ಪಣಿ ಇರಲಿ. ಬಾಕ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಅನ್ನು ಪಿಯಾನೋ ವಾದಕ ಗ್ಲೆನ್ ಗೌಲ್ಡ್ 1955ರಲ್ಲಿ ಸುಮಾರು 38 ನಿಮಿಷದಲ್ಲಿ ಮುಗಿಸಿದ್ದ. 1981ರಲ್ಲಿ ಅದಕ್ಕೇ ಸುಮಾರು 51 ನಿಮಿಷ ತೆಗೆದುಕೊಂಡ. ಒಂದೇ ರಚನೆ, ಒಬ್ಬನೇ ವಾದಕ, ಎರಡು ಆಲ್ಬಂ, ಎರಡು ಅಂಕ. 30 ವೇರಿಯೇಷನ್‌ಗಳು, ಅಂದರೆ ಒಂದೇ ಎಳೆಯ ಬದಲಾದ ರೂಪಗಳು, ಬೆಳೆಯುವುದು ಮೇಲಿನ ರಾಗದಿಂದಲ್ಲ, ಕೆಳಗಿನ ಬೇಸ್ ಸಾಲಿನಿಂದ. ಎಡಗೈಯನ್ನು ಹಿಂಬಾಲಿಸಿ.

ಹಿಂದೂಸ್ತಾನಿಗೆ ‘ಕಾಲ್ ಆಫ್ ದಿ ವ್ಯಾಲಿ’ (1967) ಒಳ್ಳೆಯ ಬಾಗಿಲು. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್ ಸೇರಿ ಕುರುಬನೊಬ್ಬನ ಇಡೀ ದಿನವನ್ನು ಹೇಳುತ್ತವೆ. ಬೆಳಗಿನ ಅಹೀರ್ ಭೈರವದಿಂದ ಹೊರಟು ದೇಸ್, ಪಹಾಡಿಗಳಿಗೆ ಬಂದು ಸೇರುತ್ತದೆ. ಬಿಡಿಬಿಡಿಯಾಗಿ ಕೇಳಿದರೆ ಕಥೆ ಹೋಗುತ್ತದೆ.

ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದಲ್ಲಿ ದನಿಯನ್ನೂ ಬೇಸನ್ನೂ ಒಟ್ಟಿಗೆ ಹಿಡಿಯಿರಿ. ‘ವಾಟ್ಸ್ ಗೋಯಿಂಗ್ ಆನ್’ (1971) ನಲ್ಲಿ ಮಾರ್ವಿನ್ ಗೇ ತನ್ನ ದನಿಗೆ ತಾನೇ ಜೊತೆಯಾಗಿ ಹಾಡುತ್ತಾನೆ, ಒಂದು ದನಿ ದೂರು ಹೇಳಿದರೆ ಇನ್ನೊಂದು ಸಮಾಧಾನ ಮಾಡುವಂತಿದೆ. ಜಮೈಕಾದ ರೆಗೆಯಲ್ಲಿ ನುಡಿಸದೆ ಬಿಟ್ಟದ್ದೇ ಮುಖ್ಯ. ‘ವನ್ ಡ್ರಾಪ್’ ಎಂಬ ಲಯದಲ್ಲಿ ನಾಲ್ಕರ ಮೊದಲ ಎಣಿಕೆ ಖಾಲಿ, ಡ್ರಮ್ ಪೆಟ್ಟು ಮೂರನೆಯದರ ಮೇಲೆ. ಬಾಬ್ ಮಾರ್ಲಿಯ ತಂಡ ವೇಲರ್ಸ್‌ನ ‘ಕ್ಯಾಚ್ ಎ ಫೈರ್’ಗೆ (1973) ಲಂಡನ್ನಿನಲ್ಲಿ ರಾಕ್ ಗಿಟಾರ್, ಕೀಬೋರ್ಡ್ ಸೇರಿಸಿದ್ದರು. 2001ರ ಆವೃತ್ತಿಯಲ್ಲಿ ಅವಿಲ್ಲದ ಮೂಲ ಜಮೈಕಾ ರೂಪವೂ ಇದೆ. ಅಂಕ ಕೊಟ್ಟಾದ ಮೇಲೆ ಎರಡನ್ನೂ ಹೋಲಿಸಿ.

ಹಿಪ್‌ಹಾಪ್‌ಗೆ ಸಾಹಿತ್ಯ ಎದುರಿಗಿರಲಿ. ನಾಸ್‌ನ ‘ಇಲ್‌ಮ್ಯಾಟಿಕ್’ (1994) ಹತ್ತೇ ಟ್ರ್ಯಾಕ್, 40 ನಿಮಿಷ. ಪ್ರಾಸ ಸಾಲಿನ ಕೊನೆಯಲ್ಲಿ ಮಾತ್ರ ಬೀಳುತ್ತದೆಯೋ, ಒಳಗೂ ಹೆಣೆದಿದೆಯೋ ಎಂದು ಒಂದು ಹಾಡಿನಲ್ಲಾದರೂ ಗೆರೆ ಎಳೆದು ನೋಡಿ. ಮೆಟಲ್‌ಗೆ ಗಿಟಾರಿನ ತೂಕ. ಬ್ಲ್ಯಾಕ್ ಸಬಾತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿ ಕಳೆದುಕೊಂಡಿದ್ದ. ‘ಮಾಸ್ಟರ್ ಆಫ್ ರಿಯಾಲಿಟಿ’ಗೆ (1971) ತಂತಿ ಸಡಿಲಿಸಿ ಶ್ರುತಿ ಇಳಿಸಿದ್ದರಿಂದ ಬೆರಳಿಗೆ ಹಗುರ, ದನಿಗೆ ಭಾರ. ಬ್ರಯಾನ್ ಈನೋನ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಥರದ, ವಾತಾವರಣದಂತೆ ಸುತ್ತ ಹರಡಿಕೊಳ್ಳುವ ಆ್ಯಂಬಿಯೆಂಟ್ ಆಲ್ಬಂಗೆ ಮಾತ್ರ ಗಮನವಿಟ್ಟು ಕೂತು ಕೇಳುವ ನಿಯಮ ಸಡಿಲಿಸಿ: ಒಂದು ಸಲ ಗಮನವಿಟ್ಟು, ಒಂದು ಸಲ ಮೆಲ್ಲಗೆ ಹಾಕಿಕೊಂಡು ಬೇರೆ ಕೆಲಸ ಮಾಡುತ್ತ ಕೇಳಿ. ಎರಡಕ್ಕೂ ಒದಗುವಂತೆ ಮಾಡಿದ ಸಂಗೀತ ಅದು.

ಅಂಕ

ಹಾಡುಗಳ ಅಂಕ ಕೂಡಿಸಿ ಸರಾಸರಿ ತೆಗೆಯುವ ಪದ್ಧತಿ ಬೇಡ. ಹತ್ತು ಹಾಡಿಗೂ ತಲಾ 7 ಬಂದರೆ ಸರಾಸರಿ 7. ನಾಲ್ಕಕ್ಕೆ 10, ಆರಕ್ಕೆ 5 ಬಂದರೂ ಸರಾಸರಿ 7. ಮೊದಲನೆಯದು ಹಿತವಾದ ಆಲ್ಬಂ, ಎರಡನೆಯದು ಏರುಪೇರಿನ ಆಲ್ಬಂ. ನೀವು ಮತ್ತೆ ಮತ್ತೆ ಮರಳುವುದು ಬಹುಶಃ ಎರಡನೆಯದಕ್ಕೆ. ಎರಡು ಹಾಡುಗಳ ನಡುವೆ ಸೇತುವೆಯಾಗಿರುವ ಒಂದು ನಿಮಿಷದ ತುಣುಕಿಗೂ ಸರಾಸರಿಯಲ್ಲಿ ನ್ಯಾಯ ಸಿಗದು.

ಇಡೀ ಆಲ್ಬಂಗೆ ಒಂದು ಅಂಕ. ಪ್ರತಿ ಅಂಕಕ್ಕೂ ಒಂದು ನಡವಳಿಕೆ ಕಟ್ಟಿಹಾಕಿ. 3 ಎಂದರೆ ಯಾರಾದರೂ ಹಾಕಿದರೆ ನಿಲ್ಲಿಸಿ ಎನ್ನುವಂಥದ್ದು. 5, ಬೇಸರವೂ ಇಲ್ಲ ಸೆಳೆತವೂ ಇಲ್ಲ. 6, ಎರಡು ಮೂರು ಹಾಡು ಇಟ್ಟುಕೊಳ್ಳುತ್ತೇನೆ. 7, ಯಾರಾದರೂ ಹಾಕಿದರೆ ಪೂರ್ತಿ ಕೂತು ಕೇಳುತ್ತೇನೆ. 8, ನಾನೇ ಹುಡುಕಿ ಹಾಕಿಕೊಳ್ಳುತ್ತೇನೆ. 9, ಪ್ರತಿ ಸಲ ಹೊಸದೊಂದು ಸಿಗುತ್ತದೆ. 10 ಅನ್ನು ಮೊದಲ ವರ್ಷ ಯಾವುದಕ್ಕೂ ಕೊಡಬೇಡಿ.

ಜೊತೆಗೆ ನಿಮಗೆ ವರ್ಷಗಟ್ಟಲೆ ಪರಿಚಯವಿರುವ ನಾಲ್ಕು ಆಲ್ಬಂಗಳನ್ನು 3, 5, 7, 9ರ ಮೈಲಿಗಲ್ಲಾಗಿ ನೆಟ್ಟುಕೊಳ್ಳಿ. ಹೊಸದು ಬಂದಾಗ 7ರ ಮೈಲಿಗಲ್ಲಿಗಿಂತ ಮೇಲೋ ಕೆಳಗೋ ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು. ಚಾರಿತ್ರಿಕ ಮಹತ್ವವನ್ನು ಈ ಅಂಕದೊಳಗೆ ತುರುಕಬೇಡಿ, ಅದಕ್ಕೆ ಪಕ್ಕದಲ್ಲಿ ಬೇರೆ ಅಂಕಣ ಇರಲಿ. ‘ದೊಡ್ಡ ಆಲ್ಬಂ, ಆದ್ದರಿಂದ ಕನಿಷ್ಠ 8’ ಎಂಬ ಅಳುಕಿನಿಂದ ಕೊಟ್ಟ ಅಂಕ ಬೇರೆಯವರ ಅಂಕ. ಆಲ್ಬಂನ ಮಹತ್ವ ಒಪ್ಪಿಕೊಂಡೇ 5 ಕೊಡಲು ಅಡ್ಡಿಯಿಲ್ಲ.

ಎಲ್ಲಿ ಕೆಡುತ್ತದೆ

ಹತ್ತು ಹದಿನೈದು ಆಲ್ಬಂ ಆಗುವಷ್ಟರಲ್ಲಿ ಎಲ್ಲವೂ 7 ಮತ್ತು 8ರಲ್ಲಿ ಗುಂಪುಗೂಡಿರುತ್ತವೆ. ಆಗ ಅಂಕ ಮರೆತು ಶ್ರೇಣಿ ಕಟ್ಟಿ. ಹೊಸ ಆಲ್ಬಂ ಅನ್ನು ಪಟ್ಟಿಯ ನಟ್ಟನಡುವಿನದರ ಜೊತೆ ಹೋಲಿಸಿ, ಮೇಲೆಂದರೆ ಮೇಲಿನ ಅರ್ಧದ ನಡುವಿನದರ ಜೊತೆ, ಹೀಗೆ. 24ರ ಪಟ್ಟಿಯಲ್ಲಿ ಜಾಗ ಸಿಗಲು ಐದು ಹೋಲಿಕೆ ಸಾಕು. ಶ್ರೇಣಿ ಆದಮೇಲೆ ಅಂಕಗಳನ್ನು ಅದಕ್ಕೆ ಹೊಂದಿಸಿ ಹರಡಿ.

ಇನ್ನೊಂದು, ಪರಿಚಯವೇ ಪ್ರೀತಿಯಾಗುವುದು. ಪದೇ ಪದೇ ಎದುರಾದದ್ದು ಇಷ್ಟವಾಗುತ್ತ ಹೋಗುತ್ತದೆಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯೊಂಕ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದ. ಚಿಕ್ಕಂದಿನಿಂದ ಕೇಳಿದ ಆಲ್ಬಂಗೂ ಮೂರು ಸಲ ಕೇಳಿದ್ದಕ್ಕೂ ಹೋಲಿಕೆ ಸಮನಲ್ಲ. ಆದ್ದರಿಂದ ಅಂಕದ ಪಕ್ಕದಲ್ಲಿ ಎಷ್ಟು ಸಲ ಕೇಳಿದ್ದು ಎಂದು ಬರೆಯುವುದನ್ನು ತಪ್ಪಿಸಬೇಡಿ. ಪುಸ್ತಕದಲ್ಲಿ ಒಂದು ನಮೂದು ಹೀಗಿರಲಿ:

‘ಪೆಟ್ ಸೌಂಡ್ಸ್, 1966, ಮೋನೋ, 13 ಹಾಡು. 3 ಸಲ, ಸ್ಪೀಕರ್. ಸಂತಸದ ರಾಗಗಳ ಕೆಳಗೆ ಸಂಕಟದ ಮಾತು. ಬೇಸ್ ನಿರೀಕ್ಷಿಸಿದ ಸ್ವರಕ್ಕೆ ಇಳಿಯುವುದೇ ಇಲ್ಲ, ಹಾಡು ತೇಲುತ್ತದೆ. ನಡುವಿನ ದೋಣಿ ಹಾಡು ಹೊಂದಿಕೊಳ್ಳಲಿಲ್ಲ. ಕೊನೆಯ ರೈಲು ಮರೆಯಲಾಗದು. 8. ಮಹತ್ವ: ಹೆಚ್ಚು.’

ಮೂರು ತಿಂಗಳ ನಂತರ ಹಳೆಯ ಅಂಕ ಮುಚ್ಚಿಟ್ಟು, ಇನ್ನೊಮ್ಮೆ ಕೇಳಿ, ಹೊಸ ಅಂಕ ಬರೆಯಿರಿ. ಒಂದರಷ್ಟು ವ್ಯತ್ಯಾಸವಿದ್ದರೆ ಹೊಸದನ್ನೇ ಇಟ್ಟುಕೊಳ್ಳಿ. ಎರಡು ಅಥವಾ ಹೆಚ್ಚಿದ್ದರೆ ಮೊದಲು ಆವೃತ್ತಿ, ವಾಲ್ಯೂಮ್, ಉಪಕರಣ ಅವೇ ಇದ್ದವೇ ನೋಡಿ. ಅವೂ ಸರಿಯಿದ್ದರೆ ಎರಡನೇ ಸಲದ ಟಿಪ್ಪಣಿ ತೆರೆದು ಯಾವ ಸಾಲು ಸುಳ್ಳಾಗಿದೆ ಎಂದು ಗುರುತು ಹಾಕಿ. ಹಳೆಯ ಅಂಕವನ್ನು ಅಳಿಸದೆ, ತಾರೀಖಿನ ಸಮೇತ ಅಡ್ಡಗೆರೆ ಎಳೆದು ಹಾಗೇ ಬಿಡಿ.